ಕೈಗೆ ಸುಟ್ಟರೆ ಇಂಜಿನ್ ಕೆಟ್ಟಿತೆಂದಲ್ಲ

ಹೊಸ ಬೈಕು ತಂದವರು ಮೊದಲ ವಾರ ಗಾಡಿ ನಿಲ್ಲಿಸಿ, ಬಗ್ಗಿ, ಇಂಜಿನ್‌ಗೆ ಬೆರಳು ತಾಗಿಸಿ ‘ಅಬ್ಬಾ, ಸುಡ್ತಿದೆ’ ಎಂದು ಕೈ ಒದರುವುದುಂಟು. ಸುಡದೆ ಇನ್ನೇನು? 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಮ್ಮ ಚರ್ಮ ತಡೆಯುವುದಿಲ್ಲ. ಗಾಳಿಯಿಂದಲೇ ತಣಿಯುವ ಇಂಜಿನ್ನಿನ ಹೆಡ್ಡು 150 ಡಿಗ್ರಿ ಮುಟ್ಟುವುದು ದಿನನಿತ್ಯದ ಮಾತು. ಒಳಗೆ ಪೆಟ್ರೋಲು ಹೊತ್ತಿದಾಗ ಅನಿಲದ ಬಿಸಿ 2000 ಡಿಗ್ರಿ ಮೀರುತ್ತದೆ. ಅಲ್ಯೂಮಿನಿಯಂ ಕರಗುವುದೇ 660ಕ್ಕೆ. ಆದರೂ ಪಿಸ್ಟನ್ ಉಳಿಯುತ್ತದೆ. ಆ ಬೆಂಕಿ ಕ್ಷಣಮಾತ್ರದ್ದು, ತಗುಲಿದ ಬಿಸಿಯೂ ಕೂಡಲೇ ಸಿಲಿಂಡರ್ ಗೋಡೆಗೆ, ಆಯಿಲ್‌ಗೆ ದಾಟಿಹೋಗುತ್ತದೆ.

ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದದ್ದು ಬಿಸಿ. ಒಂದಷ್ಟು ಸೈಲೆನ್ಸರ್ ಹಾದಿ ಹಿಡಿಯುತ್ತದೆ, ಮಿಕ್ಕಿದ್ದನ್ನು ಲೋಹದಿಂದ ಹೊರಹಾಕಬೇಕು. ಸ್ಪ್ಲೆಂಡರ್‌ನಲ್ಲಿ, ಹಳೆಯ ಬುಲೆಟ್‌ನಲ್ಲಿ ಸಿಲಿಂಡರ್ ಸುತ್ತ ಪದರ ಪದರವಾಗಿ ಕಾಣುವ ಫಿನ್‌ಗಳು ಅದಕ್ಕೇ ಇವೆ. ಮೈ ಹರವು ಹೆಚ್ಚಾದಷ್ಟೂ ಗಾಳಿಗೆ ಬಿಸಿ ಬಿಟ್ಟುಕೊಡುವುದು ಸಲೀಸು. ಆದರೆ ಗಾಳಿ ಬೀಸಬೇಕಲ್ಲ! ಇಂಥ ಗಾಡಿ ಹೆದ್ದಾರಿಯಲ್ಲಿ ಓಡುವಾಗ ಹಾಯಾಗಿರುತ್ತದೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಬೇಯುತ್ತದೆ. ಗಾಳಿ ತಾಗದಂತೆ ಮುಚ್ಚಿದ ಸ್ಕೂಟರ್ ಇಂಜಿನ್‌ಗೆ ಪುಟ್ಟ ಫ್ಯಾನ್ ಜೋಡಿಸಿರುವುದು ಇದೇ ಕಾರಣಕ್ಕೆ.

ಬಿಸಿ ಮಿತಿಮೀರಿದರೆ ಏನಾಗುತ್ತದೆಂದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರನ್ನು ಕೇಳಿ. ಅವು ಟೂ ಸ್ಟ್ರೋಕ್ ಗಾಡಿಗಳು, ಪ್ರತಿ ಸುತ್ತಿಗೂ ಬೆಂಕಿ. ಪಿಸ್ಟನ್ ಸಿಲಿಂಡರಿಗಿಂತ ಹೆಚ್ಚು ಹಿಗ್ಗಿ, ನಡುವಿನ ಕೂದಲೆಳೆಯ ಸಂದು ಮುಚ್ಚಿ, ಇಂಜಿನ್ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳ ಮಾತಲ್ಲಿ ‘ಸೀಜ್ ಆಯ್ತು’. ಇಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ, ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉರುಳಿದರೆ ಆಯಿಲ್ ಕೂಡ ಹೋಗುವುದಿಲ್ಲ. ಹತ್ತುವಾಗ ಬಚಾವಾದ ಗಾಡಿ ಇಳಿಯುವಾಗ ಸೀಜ್ ಆಗಬಹುದು! ಕಚ್ಚಿದ ಕೂಡಲೇ ಹಿಡಿಯಲೆಂದು ಕ್ಲಚ್ ಮೇಲೆ ಎರಡು ಬೆರಳು ಇಟ್ಟೇ ಓಡಿಸುವ ಹಳಬರ ಚಾಳಿಗೆ ಅರ್ಥವಿದೆ.

ಕೆಲವು ಗಾಡಿಗಳಲ್ಲಿ ಆಯಿಲನ್ನೇ ಸಣ್ಣ ಕೂಲರ್ ಮೂಲಕ ಹಾಯಿಸಿ ತಣಿಸುತ್ತಾರೆ. ಇಂಟರ್‌ಸೆಪ್ಟರ್ 650 ಹಾಗೆ. ಆರ್15, ಡ್ಯೂಕ್‌ಗಳಲ್ಲಿ ಕೂಲೆಂಟ್ ಸಿಲಿಂಡರ್ ಸುತ್ತ ಹರಿದು ಬಿಸಿಯನ್ನು ರೇಡಿಯೇಟರಿಗೆ ಹೊತ್ತೊಯ್ಯುತ್ತದೆ. ಜಾಣತನವಿರುವುದು ಥರ್ಮೋಸ್ಟಾಟ್‌ನಲ್ಲಿ. ಕೂಲೆಂಟ್ ಸುಮಾರು 80 ಡಿಗ್ರಿಗೆ ಬರುವವರೆಗೂ ಅದು ರೇಡಿಯೇಟರಿನ ದಾರಿ ತೆರೆಯುವುದೇ ಇಲ್ಲ. 100ರ ಆಸುಪಾಸಿನಲ್ಲಿ ಫ್ಯಾನ್ ತಿರುಗುತ್ತದೆ. ನೀರು 100ಕ್ಕೆ ಕುದಿಯಬೇಕಲ್ಲವೇ ಎಂದರೆ, ಅದರಲ್ಲಿ ಬೆರೆತ ಗ್ಲೈಕಾಲ್ ಮತ್ತು ಮುಚ್ಚಳ ತಡೆದಿಟ್ಟ ಒತ್ತಡ ಸೇರಿ ಕುದಿಯಲು ಬಿಡುವುದಿಲ್ಲ. ಬಿಸಿಯಿರುವಾಗ ಆ ಮುಚ್ಚಳ ತಿರುಗಿಸಿದಿರೋ, ಕುದಿನೀರು ಮುಖಕ್ಕೇ ಎರಚುತ್ತದೆ. ಕೂಲೆಂಟ್ ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಸುರಿಯುವವರಿದ್ದಾರೆ. ಬಿಸಿನೀರಿನ ಹಂಡೆಯ ತಳಕ್ಕೆ ಕಟ್ಟುವ ಬಿಳಿ ಗಸಿಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಬೇಡಿ, ಗೇರ್ ಇಳಿಸಿ. ಮಲೆನಾಡಿನ ಕೆಸರು ಫಿನ್‌ಗಳ ನಡುವೆ ಒಣಗಿದ್ದರೆ ತೊಳೆಯಿರಿ, ಆದರೆ ಇಂಜಿನ್ ಆರಿದ ಮೇಲೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಮೂವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಆರಿಸುವ ಪದ್ಧತಿಯಿಂದ ಸುಸ್ಥಿತಿಯ ಗಾಡಿಗಿಂತ ಸವಾರನ ಸೊಂಟಕ್ಕೇ ಹೆಚ್ಚು ಉಪಯೋಗ.

ತಣ್ಣಗಿರುವ ಇಂಜಿನ್ನಿಗೂ ಕಷ್ಟವಿದೆ. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ಸ್ವಲ್ಪ ಆಯಿಲ್ ಕಡೆಗೂ ನುಸುಳುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ತೇವ ಆರಿಹೋಗುತ್ತದೆ. ದಿನವೂ ಮೂಲೆಯಂಗಡಿಗೆ ಹೋಗಿಬರಲಷ್ಟೇ ಬೈಕು ತೆಗೆಯುವವರು ಚಳಿಗಾಲದಲ್ಲೊಮ್ಮೆ ಆಯಿಲ್ ಮುಚ್ಚಳ ಬಿಚ್ಚಿ ನೋಡಲಿ. ಒಳಗೆ ಕಾಫಿ ನೊರೆಯಂಥ ಬಿಳಿಚು ಅಂಟು ಕಂಡರೆ, ಭಾನುವಾರ ಶ್ರೀರಂಗಪಟ್ಟಣದವರೆಗಾದರೂ ಓಡಿಸಿ ಬರುವುದಕ್ಕೆ ಮನೆಯಲ್ಲಿ ಹೇಳಲೊಂದು ಕಾರಣ ಸಿಕ್ಕಿತು.