ಗುಡೇಕೋಟೆಯ ಹುಡುಗ, ಅಳಿವೆ ಬಾಗಿಲಿನ ಗಾಳ

ಕಳೆದ ದಸರಾ ರಜೆಗೆ ಗುಡೇಕೋಟೆಯಿಂದ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಬಾವನದ್ದು ಅಲ್ಲಿ ಸಣ್ಣ ಬೇಕರಿ. ನಮ್ಮ ಬ್ಯಾರಿಗಳು ವ್ಯಾಪಾರ ಅಂತ ಹೋಗದ ಊರು ಉಂಟಾ? ಕೂಡ್ಲಿಗಿ ತಾಲೂಕಿನ ಆ ಬಂಡೆಗುಡ್ಡಗಳ ನಡುವೆಯೂ ಒಂದು ಮನೆ ನಮ್ಮದು. ಅಲ್ಲಿಯವರು ಊರನ್ನು ಕರಡಿಯಿಂದ ಗುರುತಿಸುತ್ತಾರೆ, ಕರಡಿಧಾಮ ಉಂಟಲ್ಲ. ಕೋಟೆಯಿಂದಲೂ ಗುರುತಿಸುತ್ತಾರೆ. ಮೀನಿನಿಂದ ಯಾರೂ ಗುರುತಿಸುವುದಿಲ್ಲ. ಮಳೆ ಬಂದ ವರ್ಷ ಕೆರೆ ತುಂಬುತ್ತದೆ, ಬಾರದ ವರ್ಷ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ.

ಆದರೂ ಹುಡುಗನಿಗೆ ಗಾಳದ ಹುಚ್ಚು. ಬಿದಿರು ಕೋಲಿಗೆ ನೈಲಾನ್ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ, ಜಿಲೇಬಿ ಮೀನು ಹಿಡಿದು ಹಿಡಿದು ಕೈ ಪಳಗಿದೆ. ಬಸ್ಸು ಇಳಿದವನೇ ಉಮ್ಮನಿಗೆ ಸಲಾಂ ಹೇಳಿ, ನಮ್ಮನ್ನು ನೋಡಿ, ‘ಮಾಮಾ, ಸಮುದ್ರದಾಗ ಗಾಳ ಹಾಕಾಕ ಯಾವಾಗ ಹೋಗಾದು?’ ಅಂದ. ಚೀಲದಿಂದ ಆನ್‌ಲೈನಿನಲ್ಲಿ ತರಿಸಿದ ರಾಡ್ ತೆಗೆದ. ಬಾವ ಅಷ್ಟು ದುಡ್ಡು ಕೊಟ್ಟದ್ದು ಹೇಗೆ ಎಂದು ಉಮ್ಮನಿಗೆ ಇವತ್ತಿಗೂ ಆಶ್ಚರ್ಯ.

ನಾವು ನಾಲ್ಕೈದು ಮಂದಿ ವಾರಕ್ಕೊಮ್ಮೆಯಾದರೂ ಅಳಿವೆ ಬಾಗಿಲಿನ ಕಡೆ ಗಾಳ ಹಿಡಿದು ಹೋಗುವವರು. ನೇತ್ರಾವತಿಯೂ ಫಲ್ಗುಣಿಯೂ ಒಟ್ಟಾಗಿ ಕಡಲಿಗೆ ಸೇರುವ ಆ ಬಾಯಿಯ ಒಂದು ಬದಿಗೆ ಬೆಂಗ್ರೆ, ಇನ್ನೊಂದು ಬದಿಗೆ ಉಳ್ಳಾಲದ ಕೋಟೆಪುರ. ಹೊಳೆಯ ಸಿಹಿ ನೀರೂ ಕಡಲಿನ ಉಪ್ಪು ನೀರೂ ಕಲೆಯುವಲ್ಲಿ ಸಣ್ಣ ಮೀನು ಜಾಸ್ತಿ. ಸಣ್ಣದನ್ನು ತಿನ್ನಲಿಕ್ಕೆ ದೊಡ್ಡದು ಬರುತ್ತದೆ. ದೊಡ್ಡದನ್ನು ಹಿಡಿಯಲಿಕ್ಕೆ ನಾವು. ಭರತ ಏರಿ ನಿಂತು ಇಳಿತ ಶುರುವಾಗುವ ಹೊತ್ತು ನಮ್ಮ ಪಾಲಿಗೆ ಒಳ್ಳೆಯದು.

ಮೊದಲ ದಿನ ಹುಡುಗನಿಗೆ ಬಂಗುಡೆಯ ಗುಂಪು ಸಿಕ್ಕಿತು. ಒಂದೇ ದಾರಕ್ಕೆ ಐದಾರು ಸಣ್ಣ ಗಾಳ, ಒಂದೊಂದಕ್ಕೂ ಬಿಳಿ ಪುಕ್ಕ, ತುದಿಗೆ ಸೀಸದ ಗುಂಡು. ಹಾಕಿ ಮೇಲೆ ಕೆಳಗೆ ಆಡಿಸಿದರೆ ಸಾಕು, ಇರೆಯೂ ಬೇಡ. ಒಮ್ಮೆ ಎತ್ತಿದರೆ ಮೂರು, ಇನ್ನೊಮ್ಮೆ ನಾಲ್ಕು. ಕೆರೆಯ ಹುಡುಗ ಹುಚ್ಚನಂತೆ ಕುಣಿದ. ಮನೆಗೆ ಬಂದು ಬಕೆಟ್ ಬಗ್ಗಿಸಿದರೆ ಅರ್ಧಕ್ಕರ್ಧ ಕಿರುಬೆರಳು ಗಾತ್ರದ್ದು. ಉಮ್ಮ ಒಂದನ್ನು ಎತ್ತಿ ನೋಡಿ, ‘ಇದರಲ್ಲಿ ಎಂತ ಉಂಟು ಮೋನು, ಕ್ಲೀನ್ ಮಾಡಿದರೆ ಮುಳ್ಳು ಮಾತ್ರ’ ಅಂದರು. ಅವನ ಮುಖ ಸಪ್ಪೆಯಾಯಿತು. ನಮ್ಮ ಮುಖವೂ. ಯಾಕೆಂದರೆ ಅವನ ಪಕ್ಕದಲ್ಲೇ ನಿಂತು ‘ಹಾಕು, ಹಾಕು’ ಅಂತ ಹುರಿದುಂಬಿಸಿದ್ದು ನಾವೇ.

ಮೀನಿಗೆ ಅಳತೆ ಎಂಬುದು ಉಂಟು. ಕೇರಳ ಸರಕಾರ 2015ರಲ್ಲಿ ಯಾವ ಮೀನನ್ನು ಎಷ್ಟು ಉದ್ದಕ್ಕಿಂತ ಕಡಿಮೆ ಇದ್ದರೆ ಹಿಡಿಯಬಾರದು ಎಂದು ಮೊದಲು ನಿಗದಿ ಮಾಡಿತು, ಆಮೇಲೆ ಕರ್ನಾಟಕವೂ ಆ ದಾರಿ ಹಿಡಿಯಿತು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಲೆಕ್ಕ ಹಾಕಿ ಕೊಟ್ಟದ್ದು ಅದು. ಕೇರಳದ ಪಟ್ಟಿಯಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14, ಅಂಜಲಿಗೆ 50.  ಇದು ದಕ್ಕೆಯಲ್ಲಿ ಬೋಟಿನವರಿಗೆ ಇರುವ ನಿಯಮ, ಗಾಳ ಹಿಡಿದು ಕಲ್ಲಿನ ಮೇಲೆ ಕೂತವನ ಬಕೆಟ್ ನೋಡಲಿಕ್ಕೆ ಯಾವ ಆಫೀಸರೂ ಬರುವುದಿಲ್ಲ. ಹಾಗೆಂದು ಬಂಗುಡೆ ಮರಿಗೆ ಬಲೆ ಬೇರೆ, ಗಾಳ ಬೇರೆ ಅಂತ ಗೊತ್ತುಂಟಾ?

ಮರುದಿನ ಹುಡುಗ ತನ್ನ ಕಂಪಾಸ್ ಬಾಕ್ಸಿನ ಸ್ಕೇಲ್ ಹಿಡಿದುಕೊಂಡೇ ಬಂದ. ಅದು 15 ಸೆಂಟಿಮೀಟರಿನದ್ದು, ಬಂಗುಡೆಗೆ ಮಾಡಿಸಿದ ಹಾಗೆ ಉಂಟು. ಸ್ಕೇಲಿನ ತುದಿ ಮುಟ್ಟದ್ದನ್ನು ವಾಪಸು ನೀರಿಗೆ ಬಿಟ್ಟ. ಪಕ್ಕದ ಕಲ್ಲಿನಲ್ಲಿ ಕೂತಿದ್ದ ಒಬ್ಬರು ನಕ್ಕು, ‘ನೀನು ಬಿಟ್ಟದ್ದನ್ನು ಆಚೆ ಬೋಟಿನವನು ಎತ್ತುತ್ತಾನೆ ಮಾರಾಯ’ ಅಂದರು. ಮಾತು ಸುಳ್ಳಲ್ಲ. ಹುಡುಗ ನಮ್ಮ ಮುಖ ನೋಡಿದ. ನಮ್ಮಲ್ಲಿ ಉತ್ತರ ಇರಲಿಲ್ಲ, ಇರೆ ಸಿಕ್ಕಿಸುವುದರಲ್ಲಿ ಗಮನ ಇದ್ದ ಹಾಗೆ ಮಾಡಿದೆವು.

ಉತ್ತರ ಸಿಕ್ಕಿದ್ದು ಸಂಜೆ, ದಕ್ಕೆಯ ಕಾಕನ ಬಾಯಲ್ಲಿ. ಕಾಕ ಎಂದರೆ ನಮ್ಮ ಸ್ವಂತ ಕಾಕ ಅಲ್ಲ, ಬಂದರಿನಲ್ಲಿ ನಲುವತ್ತು ವರ್ಷ ಮೀನು ವ್ಯಾಪಾರ ಮಾಡಿ ಈಗ ಮನೆಯಲ್ಲಿ ಕೂತವರು, ಎಲ್ಲರಿಗೂ ಕಾಕ. ಅವರು ಹುಡುಗನನ್ನು ಹತ್ತಿರ ಕೂರಿಸಿ ತೇಡೆಯ ಕತೆ ಹೇಳಿದರು. ಕನ್ನಡದಲ್ಲಿ ಶೇಡೆ ಎಂದೂ ಹೇಳುತ್ತಾರೆ, ಮೀಸೆ ಇರುವ ಕಡಲ ಮೀನು, ಬೆನ್ನಿಗೂ ಎರಡು ಬದಿಗೂ ಮುಳ್ಳು. ಅದರಲ್ಲಿ ಹೆಣ್ಣು ಮೊಟ್ಟೆ ಇಡುತ್ತದೆ, ಗಂಡು ಆ ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು ಮರಿಯಾಗುವವರೆಗೆ ಕಾಯುತ್ತದೆ. ಮೊಟ್ಟೆ ಒಂದೊಂದೂ ಗೋಲಿಯಷ್ಟು ದೊಡ್ಡದು. ಅಷ್ಟು ದಿನ ಆ ಗಂಡು ಮೀನು ತಿನ್ನುವುದಿಲ್ಲ. ‘ಬಾಯಿ ತುಂಬ ಮಕ್ಕಳು ಇಟ್ಟುಕೊಂಡವನು ಗಾಳ ಕಚ್ಚುತ್ತಾನಾ ಮೋನು?’ ಅಂದರು ಕಾಕ. ಕಚ್ಚುವುದಿಲ್ಲ. ಆದರೆ ಬಲೆಗೆ ಬಾಯಿ ತೆರೆಸುವುದು ಬೇಡವಲ್ಲ.

1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಅಲ್ಲಿಯವರೆಗೆ ದಡದಿಂದ ನೂರಾರು ಮಂದಿ ಸೇರಿ ಎಳೆಯುವ ರಂಪಣಿ ಇತ್ತು. ಪರ್ಸೀನ್ ಬಲೆ ಕಡಲಿನ ಮಧ್ಯದಲ್ಲಿ ಮೀನಿನ ಗುಂಪನ್ನೇ ಸುತ್ತುಗಟ್ಟಿ ಕೆಳಗಿನಿಂದ ಚೀಲದ ಬಾಯಿ ಬಿಗಿದ ಹಾಗೆ ಬಿಗಿಯುತ್ತದೆ. ಮೊಟ್ಟೆ ಹೊತ್ತ ತೇಡೆ ಗುಂಪಾಗಿ ಮೇಲೆ ಬರುವುದು ಬೋಟಿನವರಿಗೆ ಗೊತ್ತಾಯಿತು. 1980ರ ಆಸುಪಾಸಿನಲ್ಲಿ ಟನ್ನುಗಟ್ಟಲೆ ಬಂದು ಬಿತ್ತು. ಮೀನಿನ ರಾಶಿಯ ಕೆಳಗೆ ಹಳದಿ ಗೋಲಿಗಳ ರಾಶಿ, ಕಾಲಿಟ್ಟರೆ ಜಾರುತ್ತಿತ್ತು ಎಂದರು ಕಾಕ. ಮೊಟ್ಟೆಯನ್ನು ಬುಟ್ಟಿಯಲ್ಲಿ ತುಂಬಿ ಬೇರೆ ಮಾರಿದವರೂ ಇದ್ದರು. ‘ನಾನೂ ಮಾರಿದ್ದೇನೆ. ಆಗ ಯಾರಿಗೆ ಗೊತ್ತಿತ್ತು?’ ವಿಜ್ಞಾನಿಗಳಿಗೆ ಗೊತ್ತಿತ್ತು, ಅವರು ಆಗಲೇ ಎಚ್ಚರಿಸಿ ಬರೆದಿದ್ದರು. ಕೆಲವೇ ವರ್ಷದಲ್ಲಿ ತೇಡೆ ನಮ್ಮ ಕಡಲಿನಿಂದ ಹೆಚ್ಚುಕಮ್ಮಿ ಹೋಯಿತು. ಬಡವರ ಮನೆಯ ಸಾರಿನ ಮೀನು ಅದು. ಈಗ ಮಾರುಕಟ್ಟೆಯಲ್ಲಿ ಅಪರೂಪಕ್ಕೆ ಸಿಗುತ್ತದೆ, ಹಿಂದಿನ ರಾಶಿ ಇಲ್ಲ.

ಬೂತಾಯಿಯ ಕತೆ ಸ್ವಲ್ಪ ಬೇರೆ. ಅದು ಕಡಲಿನ ಬಿಸಿ, ಮಳೆ, ನೀರಿನ ಪಾಚಿ ನೋಡಿಕೊಂಡು ಬರುವ ಹೋಗುವ ಮೀನು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬಂದಿತ್ತು, 2021ರಲ್ಲಿ ಬರೀ 3,297 ಟನ್. ಅದಕ್ಕೆ ಬಲೆಯೊಂದೇ ಕಾರಣ ಅಂತ ಹೇಳಿದರೆ ತಪ್ಪು. ಆದರೆ ಕಡಲು ಕಷ್ಟದಲ್ಲಿರುವಾಗ ಮರಿಯನ್ನೂ ಎತ್ತಿ ಮೀನುಹುಡಿ ಕಾರ್ಖಾನೆಗೆ ಹಾಕಿದರೆ ಮರುವರ್ಷಕ್ಕೆ ಉಳಿಯುವುದು ಯಾವುದು?

ಗಾಳದವರಿಂದ ಕಡಲು ಖಾಲಿಯಾಗುವುದಿಲ್ಲ, ಒಪ್ಪೋಣ. ಆದರೆ ಗಾಳದವನಿಗೆ ಬಲೆಯವನಿಗಿಲ್ಲದ ಒಂದು ಅನುಕೂಲ ಉಂಟು. ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಹೆಚ್ಚಿನ ಮೀನು ಸತ್ತಿರುತ್ತದೆ. ಗಾಳದ್ದು ಜೀವಂತ ಕೈಗೆ ಬರುತ್ತದೆ. ಬಿಡಬೇಕಾ ಬೇಡವಾ ಎಂದು ಯೋಚಿಸಲಿಕ್ಕೆ ಸಮಯ ಸಿಗುತ್ತದೆ.

ಬಿಡುವುದಕ್ಕೂ ಕ್ರಮ ಉಂಟು, ಅದು ನಾವು ತಪ್ಪು ಮಾಡಿಯೇ ಕಲಿತದ್ದು. ಒಣಗಿದ ಕೈಯಲ್ಲಿ, ಬಟ್ಟೆಯಲ್ಲಿ ಮೀನು ಹಿಡಿದರೆ ಮೈಯ ಲೋಳೆ ಹೋಗುತ್ತದೆ. ಅದು ಅದರ ರಕ್ಷಣೆ, ಹೋದರೆ ಹುಣ್ಣಾಗುತ್ತದೆ. ಕೈ ಒದ್ದೆ ಮಾಡಿ ಹಿಡಿಯಬೇಕು. ಕಿವಿರಿಗೆ ಬೆರಳು ಹಾಕಬಾರದು. ಫೋಟೊಗೆ ಅಂತ ಐದು ನಿಮಿಷ ಎತ್ತಿ ಹಿಡಿದು ಆಮೇಲೆ ‘ರಿಲೀಸ್’ ಅಂತ ವಾಟ್ಸ್ಆ್ಯಪಿಗೆ ಹಾಕುವವರು ಉಂಟು, ಆ ಮೀನು ಬದುಕಿತಾ ಇಲ್ಲವಾ ಎಂದು ಕಡಲಿಗೇ ಗೊತ್ತು. ಗಾಳ ಹೊಟ್ಟೆಗೆ ಇಳಿದಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ ಬಿಡಿ. ಲ್ಯೂರಿಗೆ ಬರುವ ಮೂರು ಕೊಕ್ಕೆಯ ಗಾಳ ಮೀನಿನ ಬಾಯಿ ಹರಿದುಬಿಡುತ್ತದೆ, ನಾವು ಅದನ್ನು ತೆಗೆದು ಒಂದೇ ಕೊಕ್ಕೆಯದ್ದು ಹಾಕುತ್ತೇವೆ. ಇರೆ ಹಾಕುವುದಾದರೆ ಸರ್ಕಲ್ ಹುಕ್ ಒಳ್ಳೆಯದು. ತುದಿ ಒಳಕ್ಕೆ ಬಾಗಿರುವ ಕಾರಣ ಹೊಟ್ಟೆಗೆ ಚುಚ್ಚದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಷರತ್ತು, ಮೀನು ಕಚ್ಚಿದ ಕೂಡಲೇ ಜಗ್ಗಬಾರದು. ಗುಡೇಕೋಟೆಯ ಕೈಗೆ ಜಗ್ಗುವುದೇ ಅಭ್ಯಾಸ. ಎರಡು ದಿನ ಬರೀ ಇರೆ ಕಳೆದುಕೊಂಡ, ಮೂರನೇ ದಿನ ಒಂದು ಮುರು ಮೀನು ಎತ್ತಿದ.

ಮುರು ಮೀನಿನ ವಿಷಯ ಸ್ವಲ್ಪ ಸೂಕ್ಷ್ಮ. ಅದು ಮೊದಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ದೊಡ್ಡದನ್ನೆಲ್ಲ ಹಿಡಿದರೆ ಗಂಡು ಉಳಿಯುವುದಿಲ್ಲ. ನಮ್ಮ ಅಳಿವೆಗಳಲ್ಲಿ ಸಿಗುವ, ಹೋಟೆಲಿನವರು ಸೀಬಾಸ್ ಎನ್ನುವ, ಮಲಯಾಳದಲ್ಲಿ ಕಾಳಾಂಜಿ ಎನ್ನುವ ಮೀನು ಇದರ ತದ್ವಿರುದ್ಧ. ಮೊದಲು ಗಂಡು, ಆಮೇಲೆ ಹೆಣ್ಣು. ಅಲ್ಲಿ ದೊಡ್ಡ ಮೀನೆಂದರೆ ಮೊಟ್ಟೆ ಇಡುವ ತಾಯಿ. ಇನ್ನು ಮುರು ಮೀನಿನಲ್ಲೇ ಮನುಷ್ಯನಿಗಿಂತ ದೊಡ್ಡದಾಗುವ ಒಂದು ಜಾತಿ ಉಂಟು, ಅದು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದೆ, ತಿಮಿಂಗಿಲ ಶಾರ್ಕ್ ಮತ್ತು ಕಡಲ್ಗುದುರೆಯ ಜೊತೆಗೆ. ಗಾಳಕ್ಕೆ ಬಂದರೆ ಬಿಡಲೇಬೇಕು.

ಆ ದಿನ ಹುಡುಗ ಹಿಡಿದ ಮುರು ಮೀನು ಎರಡು ಗೇಣು ಇದ್ದಿರಬಹುದು. ಉಮ್ಮ ಸಾರು ಮಾಡಿದರು. ನಾವೂ ಉಂಡೆವು. ತಿನ್ನುವ ಮೀನನ್ನು ಹಿಡಿಯುವುದರಲ್ಲಿ ನಮಗೆ ಮುಜುಗರ ಇಲ್ಲ. ತಿನ್ನಲಿಕ್ಕಿಲ್ಲದೆ ಬರೀ ಆಟಕ್ಕೆ ಹಿಡಿದು ಬಿಡುವುದು ಸರಿಯಾ ಎಂದು ನಮ್ಮೊಳಗೇ ಜಗಳ ಉಂಟು. ಕಾಕನಿಗೆ ಅದು ಸುತಾರಾಂ ಇಷ್ಟ ಇಲ್ಲ: ‘ಹಸಿವಿಲ್ಲದೆ ಜೀವಕ್ಕೆ ನೋವು ಕೊಡುವುದು ಎಂತಕ್ಕೆ?’ ನಮ್ಮಲ್ಲಿ ಇಬ್ಬರು ಮನೆಗೆ ಬೇಕಾದಷ್ಟು ಸಿಕ್ಕಿದ ಕೂಡಲೇ ದಾರ ಸುತ್ತುತ್ತಾರೆ. ಉಳಿದವರಿಗೆ ಇನ್ನೂ ಆ ಬುದ್ಧಿ ಬಂದಿಲ್ಲ.

ಮಳೆಗಾಲದ ಮಾತು ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ಆಗ ಮಾರುಕಟ್ಟೆಯಲ್ಲಿ ಮೀನಿಗೆ ಬೆಂಕಿ ರೇಟು. ಗಾಳ ಹಿಡಿದವರು ಕಲ್ಲಿನ ಮೇಲೆ ಸಾಲುಗಟ್ಟುತ್ತಾರೆ. ಒಂದು ಕಿಲೋ ಮೀನಿಗಾಗಿ ಮೊಣಕಾಲೆತ್ತರದ ತೆರೆಗೆ ಎದುರು ನಿಲ್ಲುವುದು ನೋಡಿದರೆ ಎದೆ ಝಲ್ ಎನ್ನುತ್ತದೆ. ಪಾಚಿ ಹಿಡಿದ ಕಲ್ಲು ಚಪ್ಪಲಿಯನ್ನು ನಂಬುವುದಿಲ್ಲ. ಒಮ್ಮೆ ನಮ್ಮಲ್ಲೇ ಒಬ್ಬ ಜಾರಿ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡು, ಮತ್ತೊಂದು ತೆರೆ ಬರುವ ಮುಂಚೆ ನಾವು ಶರ್ಟ್ ಹಿಡಿದು ಎಳೆದದ್ದು. ಅಂದಿನಿಂದ ಜೂನ್, ಜುಲೈಯಲ್ಲಿ ನಮಗೂ ರಜೆ. ಮೀನಿಗೂ ರಜೆ ಎಂದು ಜನರಿಗೆ ಹೇಳುತ್ತೇವೆ, ನಿಜ ಕಾರಣ ಹೆದರಿಕೆ.

ಹುಡುಗ ಊರಿಗೆ ಹೊರಡುವ ಮುಂಚಿನ ದಿನ ಮೀನು ಹಿಡಿಯಲಿಲ್ಲ. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಳೆ ನೈಲಾನ್ ದಾರ ಎಳೆದೆಳೆದು ಒಂದು ಪ್ಲಾಸ್ಟಿಕ್ ಚೀಲ ತುಂಬಿಸಿದ. ಒಂದು ದಾರದ ತುದಿಯಲ್ಲಿ ಸತ್ತ ಏಡಿ ಇತ್ತು, ಇನ್ನೊಂದರಲ್ಲಿ ಕಡಲಹಕ್ಕಿಯ ಕಾಲು. ನೈಲಾನ್ ದಾರ ಕೊಳೆಯುವುದಿಲ್ಲ, ನಾವು ಕತ್ತರಿಸಿ ಬಿಟ್ಟದ್ದು ನಮ್ಮ ಹಿಂದೆ ಹಿಡಿಯುತ್ತಲೇ ಇರುತ್ತದೆ. ಆ ಚೀಲದಲ್ಲಿ ನಮ್ಮದೂ ಎಷ್ಟು ಮೊಳ ಇತ್ತೋ.

ಅವನು ಹೋಗಿ ವಾರ ಕಳೆದ ಮೇಲೆ ಫೋನ್ ಬಂತು. ಹಗರಿಬೊಮ್ಮನಹಳ್ಳಿ ಕಡೆ ಹಿನ್ನೀರಿಗೆ ಗೆಳೆಯರ ಜೊತೆ ಹೋಗಿದ್ದನಂತೆ. ತುಂಗಭದ್ರೆಯಲ್ಲಿ ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗೆ 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ, ದೇಶದಲ್ಲೇ ಅದು ಮೊದಲನೆಯದು. ಆ ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಂದ ನೀರುನಾಯಿಗೂ ಕುತ್ತು. ‘ಮದ್ದು ಹಾಕಿದ್ರ ಸ್ಕೇಲ್ ಇಟ್ಟು ಏನ್ ಅಳೀಬೇಕು ಮಾಮಾ?’ ಅಂದ. ಆಮೇಲೆ ಕೇಳಿದ, ಕಾಟ್ಲಾ ಎಷ್ಟು ಸೆಂಟಿಮೀಟರ್ ಇದ್ರ ಹಿಡೀಬೋದು ಅಂತ. ಕೆರೆ ಟೆಂಡರ್ ಹಿಡಿದವರನ್ನು ಕೇಳು ಎಂದೆವು. ಅವರನ್ನು ಕೇಳಿದ್ದನಂತೆ, ‘ಹೋಗಲೇ’ ಅಂದರಂತೆ.

ಸ್ಕೇಲ್ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾನೆ. ಮೀನಿನ ವಾಸನೆ ಹೋಗುವುದಿಲ್ಲ ಎಂದು ಉಮ್ಮ ಅದನ್ನು ಅಂಗಳದ ಕಿಟಕಿಯಲ್ಲಿ ಇಟ್ಟಿದ್ದಾರೆ. ಮನೆ ಬಾಗಿಲಿಗೆ ಮೀನು ತರುವವರು ಬುಟ್ಟಿ ಇಳಿಸಿದಾಗ ಈಗ ಮೊದಲು ಅದನ್ನೇ ಹುಡುಕುತ್ತಾರೆ.