ಮೊಮ್ಮಕ್ಕಳನ್ನು ಬಿಟ್ಟು ಕಡಲಾಚೆ ಸೇವೆಗೆ ಹೊರಡುವ ಹಿರಿಯ ದಂಪತಿಗಳು

ಸೋಲಾಪುರ: ನೌಕರಿ ಮುಗೀತು, ಮಕ್ಕಳ ಮದುವೆ ಆಯ್ತು, ಪಿಂಚಣಿ ಶುರುವಾಯ್ತು. ಇನ್ನೇನಿದ್ದರೂ ಆಷಾಢಕ್ಕೆ ಪಂಢರಪುರ, ಗುರುವಾರ ಅಕ್ಕಲಕೋಟ, ಕೂಡಿ ಬಂದರೆ ಒಮ್ಮೆ ಕಾಶಿ. ಉಳಿದ ಹೊತ್ತು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರೋದು. ಗಡಿಭಾಗದ ಮನೆಗಳಲ್ಲಿ ಅರವತ್ತು ದಾಟಿದ ಗಂಡ-ಹೆಂಡತಿಯ ಬದುಕು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

ಅಮೆರಿಕದ ಯೂಟಾ ರಾಜ್ಯದ ಕಡೆ ಇದೇ ವಯಸ್ಸಿನ ಸಾವಿರಾರು ದಂಪತಿಗಳು ಬೇರೆ ದಾರಿ ಹಿಡಿಯುತ್ತಾರೆ. ಮನೆಗೆ ಕೀಲಿ ಹಾಕಿ, ಬಿಪಿ-ಸಕ್ಕರೆ ಗುಳಿಗೆ ಚೀಲಕ್ಕೆ ಹಾಕಿಕೊಂಡು, ಭಾಷೆ ಗೊತ್ತಿಲ್ಲದ ದೇಶಕ್ಕೆ ಚರ್ಚಿನ ಸೇವೆಗೆ ಹೊರಡುತ್ತಾರೆ. ಸಂಬಳವಿಲ್ಲ. ಖರ್ಚೂ ಅವರದೇ. ಇವರನ್ನು ಕಳಿಸುವುದು ಸಾಲ್ಟ್ ಲೇಕ್ ಸಿಟಿಯಲ್ಲಿ ಮುಖ್ಯ ಕಚೇರಿ ಇರುವ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್. ಜನರ ಬಾಯಲ್ಲಿ ಮಾರ್ಮನ್ ಚರ್ಚು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದರು. ಬೈಬಲ್ಲಿನ ಜೊತೆಗೆ ಬುಕ್ ಆಫ್ ಮಾರ್ಮನ್ ಎಂಬ ಗ್ರಂಥವನ್ನೂ ಇವರು ಪವಿತ್ರ ಎಂದು ನಂಬುತ್ತಾರೆ. ಇವರು ಕೊಡುವ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಚರ್ಚು ಒಪ್ಪುವುದಿಲ್ಲ.

ಮಿರಜದ ದವಾಖಾನೆ ಗೊತ್ತಿಲ್ಲದವರು ಜತ್ತ, ಅಥಣಿ ಕಡೆ ಸಿಗುವುದಿಲ್ಲ. ಅದನ್ನು ಕಟ್ಟಿದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಹೆಂಡತಿ ಮೇರಿಯವರ ಜೊತೆ ಬಂದಾಗ ಇನ್ನೂ ತರುಣ. ಸುಮಾರು 40 ವರ್ಷ ಇಲ್ಲೇ ದುಡಿದರು. ಮೇರಿ ಇಲ್ಲೇ ತೀರಿಕೊಂಡರು. ಅದಕ್ಕೇ ಈ ಭಾಗದಲ್ಲಿ ಮಿಷನರಿ ಅಂದರೆ ಹರೆಯದಲ್ಲಿ ಬಂದು ಇಡೀ ಆಯುಷ್ಯ ಇಲ್ಲೇ ಸವೆಸಿದವರು ಎಂಬ ಕಲ್ಪನೆ. ಹಿರಿಯ ದಂಪತಿಗಳ ಲೆಕ್ಕ ಅದಕ್ಕೆ ತಿರುವುಮುರುವು. ಆಯುಷ್ಯದ ಬಹುಭಾಗ ಮುಗಿದ ಮೇಲೆ ಹೋಗುವುದು, ಒಂದೆರಡು ವರ್ಷದಲ್ಲಿ ಕೆಲಸ ಒಪ್ಪಿಸಿ ಮರಳುವುದು.

ಗಂಡನೇ ಜೊತೆಗಾರ, ಹೆಂಡತಿಯೇ ಜೊತೆಗಾರ್ತಿ

ಈ ಚರ್ಚಿನ ಹುಡುಗರು 18ಕ್ಕೆ, ಹುಡುಗಿಯರು 19ಕ್ಕೆ ಮಿಷನ್ನಿಗೆ ಹೋಗಬಹುದು ಎಂಬ ನಿಯಮ 2025ರ ತನಕ ಇತ್ತು, ಅದು ಬಂದದ್ದು 2012ರಲ್ಲಿ. ಅದಕ್ಕೆ ಮುಂಚೆ 19 ಮತ್ತು 21 ಇತ್ತು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕರಿ ಹೆಸರುಪಟ್ಟಿ ತೊಟ್ಟು ಜೋಡಿಯಾಗಿ ತಿರುಗುವವರು ಇವರೇ. ಜೋಡಿಯನ್ನು ಚರ್ಚು ಗೊತ್ತುಮಾಡುತ್ತದೆ. ಹಿರಿಯರಿಗೆ ಆ ತೊಂದರೆ ಇಲ್ಲ. ಸಂಸಾರದ ಜೋಡಿಯೇ ಸೇವೆಯ ಜೋಡಿ. ಹೆಂಡತಿಗೆ ಸಿಸ್ಟರ್, ಗಂಡನಿಗೆ ಎಲ್ಡರ್ ಎಂಬ ಬಿರುದು. ಎಲ್ಡರ್ ಅಂದರೆ ಹಿರಿಯ. 18ರ ಪೋರನಿಗೂ ಅದೇ ಬಿರುದು, 70ರ ಅಜ್ಜನಿಗೂ ಅದೇ.

ಹಿರಿಯರ ಅವಧಿ 6 ತಿಂಗಳಿಂದ 23 ತಿಂಗಳು. ಮನೆಯಲ್ಲಿ ಸಾಕಬೇಕಾದ ಮಕ್ಕಳು ಇರಬಾರದು. ಮೊದಲು ಸ್ಥಳೀಯ ಸಭೆಯ ಮುಖ್ಯಸ್ಥರಾದ ಬಿಷಪ್ ಮಾತಾಡಿಸುತ್ತಾರೆ. ಆಮೇಲೆ ವೈದ್ಯರ ತಪಾಸಣೆ, ಹಲ್ಲಿನ ತಪಾಸಣೆ. ಹೃದಯ, ಮೊಣಕಾಲು, ಸಕ್ಕರೆ ಎಲ್ಲದರ ಲೆಕ್ಕ ಕಾಗದದ ಮೇಲೆ ಬರಬೇಕು. ಒಳ್ಳೆಯ ದವಾಖಾನೆ ದೂರ ಇರುವ ದೇಶಕ್ಕೆ ಎಲ್ಲರನ್ನೂ ಕಳಿಸಲಾಗದು. ಎಲ್ಲಿ ಹೋಗಲು ಮನಸ್ಸಿದೆ ಅಂತ ಹೇಳಿಕೊಳ್ಳಬಹುದು. ಕೊನೆಗೆ ಕರೆಪತ್ರದಲ್ಲಿ ಬಂದ ಊರೇ ಊರು.

ರೊಕ್ಕದ ವಿಷಯವೂ ಸಣ್ಣದಲ್ಲ. ಬಾಡಿಗೆ, ಊಟ, ಓಡಾಟ ಎಲ್ಲ ಸ್ವಂತ ಉಳಿತಾಯದಿಂದ ಆಗಬೇಕು. ದೊಡ್ಡ ಪಟ್ಟಣಗಳ ಬಾಡಿಗೆಗೆ ಹೆದರಿ ಎಷ್ಟೋ ದಂಪತಿಗಳು ಹಿಂದೆ ಸರಿಯುತ್ತಿದ್ದರು. ಅದಕ್ಕೆ 2011ರಲ್ಲಿ ಚರ್ಚು ಒಂದು ಮಿತಿ ಹಾಕಿತು. ವಸತಿಗೆ ದಂಪತಿಗಳು ತಿಂಗಳಿಗೆ 1,400 ಡಾಲರ್ ತನಕ ಕೊಡಬೇಕು, ಅದಕ್ಕಿಂತ ಹೆಚ್ಚಾದದ್ದನ್ನು ಚರ್ಚು ಭರಿಸುತ್ತದೆ ಎಂದಾಯಿತು.

ಬಾಗಿಲು ಬಡಿಯುವ ಕೆಲಸ ಅಲ್ಲ

ಈ ಅಜ್ಜ-ಅಜ್ಜಿಯರು ಬಿಸಿಲಲ್ಲಿ ಮನೆ ಮನೆ ಬಾಗಿಲು ಬಡಿಯಬೇಕಿಲ್ಲ. ಹುಡುಗರಿಗಿರುವ ಬಿಗಿಯಾದ ದಿನಚರಿಯೂ ಇವರಿಗಿಲ್ಲ. ಜೀವನವಿಡೀ ಕಲಿತ ಕಸುಬನ್ನೇ ಇಲ್ಲಿ ಬಳಸುತ್ತಾರೆ. ಲೆಕ್ಕಪತ್ರ ಬಲ್ಲವರು ಮಿಷನ್ ಕಚೇರಿಯಲ್ಲಿ ಕೂರುತ್ತಾರೆ. ಗಾಡಿಗಳ ದುರಸ್ತಿ, ಹುಡುಗರ ಬಾಡಿಗೆ ಮನೆ, ವೀಸಾ ಕಾಗದ ನೋಡಿಕೊಳ್ಳುವವರು ಇನ್ನೊಬ್ಬರು. ವೈದ್ಯರು, ನರ್ಸುಗಳು ಹುಡುಗ-ಹುಡುಗಿಯರ ಆರೋಗ್ಯದ ಮೇಲೆ ಕಣ್ಣಿಡುತ್ತಾರೆ. ಕುಡಿಯುವ ನೀರು, ಗಾಲಿಕುರ್ಚಿಯಂಥ ನೆರವಿನ ಕೆಲಸಕ್ಕೂ ದಂಪತಿಗಳೇ ಬೇಕು. ಹಳೆಯ ಜನನ-ಮರಣ ದಾಖಲೆಗಳ ಚಿತ್ರ ತೆಗೆದು ಕಾಪಿಡುವ ಕೆಲಸವೂ ಇದೆ.

ಇಷ್ಟೇ ಆಗಿದ್ದರೆ ಇದನ್ನು ನಿವೃತ್ತರ ಒಳ್ಳೆಯ ಹವ್ಯಾಸ ಎನ್ನಬಹುದಿತ್ತು. ಆದರೆ ಹಿರಿಯರನ್ನು ಇದಕ್ಕಿಂತ ಬಹಳ ಭಾರದ ಕೆಲಸಕ್ಕೆ ಕಳಿಸಿದ್ದೂ ಉಂಟು.

1978: ನೈಜೀರಿಯಾಕ್ಕೆ ಎರಡು ಜೋಡಿ

ಆ ವರ್ಷದ ಜೂನ್ ತನಕ ಈ ಚರ್ಚಿನಲ್ಲಿ ಕರಿಯ ಗಂಡಸರಿಗೆ ಯಾಜಕ ಪದವಿ ಇರಲಿಲ್ಲ. ಕರಿಯ ಗಂಡಸರಿಗೂ ಹೆಂಗಸರಿಗೂ ದೇವಾಲಯದ ಮುಖ್ಯ ವಿಧಿಗಳೂ ಇರಲಿಲ್ಲ. ವಿಚಿತ್ರವೆಂದರೆ ನೈಜೀರಿಯಾ ಮತ್ತು ಘಾನಾದಲ್ಲಿ ಪುಸ್ತಕ ಓದಿಯೇ ಈ ಚರ್ಚನ್ನು ಒಪ್ಪಿಕೊಂಡ ಜನ ವರ್ಷಗಟ್ಟಲೆ ಸಾಲ್ಟ್ ಲೇಕ್ ಸಿಟಿಗೆ ಪತ್ರ ಬರೆಯುತ್ತಲೇ ಇದ್ದರು. 1960ರ ದಶಕದಲ್ಲಿ ಒಮ್ಮೆ ಪ್ರಯತ್ನ ನಡೆದಿತ್ತು. 1963ರಲ್ಲಿ ನೈಜೀರಿಯಾದ ಪತ್ರಿಕೆಯೊಂದು ಚರ್ಚಿನ ಈ ಭೇದನೀತಿಯನ್ನು ಬಯಲಿಗೆಳೆಯಿತು, ವೀಸಾ ಸಿಗಲಿಲ್ಲ. ಬಾಗಿಲು ಮುಚ್ಚಿತು.

1978ರ ಜೂನ್‌ನಲ್ಲಿ ಚರ್ಚಿನ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಆ ನಿಷೇಧ ತೆಗೆದರು. ಅದೇ ನವೆಂಬರಿನಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೊರಟವರು ಚುರುಕು ಕಾಲಿನ ಹುಡುಗರಲ್ಲ, ಎರಡು ಹಿರಿಯ ಜೋಡಿಗಳು. ರೆಂಡೆಲ್ ಮೇಬಿ ವಕೀಲರು, ಯೂಟಾ ರಾಜಕಾರಣದಲ್ಲಿ ಇದ್ದವರು, ಆಗ ವಯಸ್ಸು 70. ಜೊತೆಗೆ ಹೆಂಡತಿ ರೇಚಲ್. ಇನ್ನೊಂದು ಜೋಡಿ ಎಡ್ವಿನ್ ಮತ್ತು ಜನಾತ್ ಕ್ಯಾನನ್. ಜನಾತ್ ಅವರು ಚರ್ಚಿನ ಮಹಿಳಾ ಸಂಘವಾದ ರಿಲೀಫ್ ಸೊಸೈಟಿಯ ಮೇಲಿನ ಹುದ್ದೆ ಬಿಟ್ಟು ಬಂದವರು.

ನೈಜೀರಿಯಾದಲ್ಲಿ ಅವರ ದಾರಿ ಕಾಯುತ್ತಿದ್ದವರಲ್ಲಿ ಆಂಥನಿ ಒಬಿನ್ನಾ ಎಂಬ ಶಾಲಾ ಮಾಸ್ತರರು ಒಬ್ಬರು. ಹಳೆಯ ರೀಡರ್ಸ್ ಡೈಜೆಸ್ಟ್ ಸಂಚಿಕೆಯಲ್ಲಿ ಸಾಲ್ಟ್ ಲೇಕ್ ದೇವಾಲಯದ ಚಿತ್ರ ನೋಡಿ, ತಾನು ಕನಸಿನಲ್ಲಿ ಕಂಡ ಕಟ್ಟಡ ಇದೇ ಎಂದು ಪತ್ರ ಬರೆಯಲು ಶುರು ಮಾಡಿದವರು. ನವೆಂಬರ್ 21ರಂದು ಹೊಳೆಯಲ್ಲಿ ಒಬಿನ್ನಾ ಸೇರಿ 19 ಮಂದಿಗೆ ದೀಕ್ಷಾಸ್ನಾನವಾಯಿತು. ಅಂದೇ ಆ ಊರಿನ ಶಾಖೆಯ ಹೊಣೆಯನ್ನು ಒಬಿನ್ನಾ ಅವರಿಗೆ ಕೊಟ್ಟರು. ಮಹಿಳಾ ಸಂಘದ ಹೊಣೆ ಅವರ ಹೆಂಡತಿ ಫಿಡೇಲಿಯಾ ಅವರಿಗೆ. ಘಾನಾದಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬವರು 1964ರಿಂದಲೇ ಸ್ವತಃ ಸಭೆ ಕಟ್ಟಿ ನಡೆಸುತ್ತಿದ್ದರು. ಡಿಸೆಂಬರಿನಲ್ಲಿ ಅವರ ಕಡೆಯವರು ನೂರಕ್ಕೂ ಹೆಚ್ಚು ಮಂದಿ ಸೇರಿದರು.

ಇಲ್ಲಿ ಗಮನಿಸಬೇಕಾದ ಮಾತಿದೆ. ಅಮೆರಿಕದಿಂದ ಬಂದವರು ಜನರನ್ನು ಹುಡುಕಿ ಒಲಿಸಿದ್ದಲ್ಲ. ಜನ ಮೊದಲೇ ತಯಾರಿದ್ದರು, ತಡ ಮಾಡಿದ್ದು ಚರ್ಚು. ತಮ್ಮವರೇ ಹಾಕಿದ ಅಡ್ಡಗೋಡೆಯ ನೆನಪು ಹಸಿಯಾಗಿರುವಾಗ ಅದೇ ಜನರ ಮನೆ ಅಂಗಳಕ್ಕೆ ಹೋಗಿ ನಿಲ್ಲಬೇಕಿತ್ತು. ಇದು ವಯಸ್ಸು, ತಾಳ್ಮೆ ಬೇಡುವ ಕೆಲಸ. ಸುಮಾರು ಒಂದು ವರ್ಷ ಇದ್ದು ಎರಡೂ ಜೋಡಿ ಮರಳಿದವು. ಸಭೆ ನಡೆಸಿದವರು ಊರಿನವರೇ. ಘಾನಾದ ಅಕ್ರಾದಲ್ಲಿ 2004ರಲ್ಲಿ, ನೈಜೀರಿಯಾದ ಅಬಾದಲ್ಲಿ 2005ರಲ್ಲಿ ದೇವಾಲಯ ಎದ್ದು ನಿಂತವು.

ಅದೇ ವರ್ಷ ಹೈದರಾಬಾದಿಗೆ

ಸೋಲಾಪುರದಿಂದ ಒಂದು ರಾತ್ರಿಯ ರೈಲು ಹಾದಿಯಲ್ಲಿರುವ ಹೈದರಾಬಾದಿನಲ್ಲೂ ಈ ಚರ್ಚಿನ ಆರಂಭ ಒಂದು ದಂಪತಿಯಿಂದಲೇ. ಅದೂ 1978ರಲ್ಲೇ. ಎಡ್ವಿನ್ ಧರ್ಮರಾಜು ಕೀಟಶಾಸ್ತ್ರಜ್ಞರು. ಹೆಂಡತಿ ಎಲ್ಸಿ ಜೊತೆ ಶಾಂತಸಾಗರದ ಸಮೋವಾ ದ್ವೀಪದಲ್ಲಿದ್ದಾಗ ಇಬ್ಬರೂ ಈ ಚರ್ಚು ಸೇರಿದರು. ಹೈದರಾಬಾದಿನ ಬಂಧುಗಳೂ ಇದರ ಬಗ್ಗೆ ತಿಳಿಯಬಯಸಿದರು. ಆಗ ಚರ್ಚು ಈ ದಂಪತಿಯನ್ನೇ ಮಿಷನರಿಗಳಾಗಿ ಕಳಿಸಿತು. ಇವರಿನ್ನೂ ನಿವೃತ್ತರಾಗಿರಲಿಲ್ಲ, ಬಂದದ್ದು ಪರದೇಶಕ್ಕಲ್ಲ, ಸ್ವಂತ ನೆಲಕ್ಕೆ. ಆ ಡಿಸೆಂಬರಿನಲ್ಲಿ ಮನೆತನದ ಸುಮಾರು 20 ಮಂದಿ ದೀಕ್ಷಾಸ್ನಾನ ಪಡೆದರು. ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದ ಎಲ್ಸಿಯವರ ತಂದೆ ಬುಕ್ ಆಫ್ ಮಾರ್ಮನ್ ಗ್ರಂಥವನ್ನು ತೆಲುಗಿಗೆ ತಂದರು. 1993ರಲ್ಲಿ ಬೆಂಗಳೂರಿನಲ್ಲಿ ಮಿಷನ್ ಕಚೇರಿ ಶುರುವಾದಾಗ ಅದರ ಮೊದಲ ಅಧ್ಯಕ್ಷರಾಗಿ ಬಂದವರೂ ಹೊರಗಿನವರಲ್ಲ, ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತ ಕಲಿಸುತ್ತಿದ್ದ ಗುರುಚರಣ್ ಸಿಂಗ್ ಗಿಲ್. 2012ರಲ್ಲಿ ದೇಶದ ಮೊದಲ ಸ್ಟೇಕ್, ಅಂದರೆ ಹಲವು ಸಭೆಗಳ ಒಕ್ಕೂಟ, ಹೈದರಾಬಾದಿನಲ್ಲೇ ಆಯಿತು.

ಭಾರತದಲ್ಲಿ ಧರ್ಮಪ್ರಚಾರ ಸೂಕ್ಷ್ಮ ವಿಷಯ. ಅಂಥ ಕೆಲಸಕ್ಕೆ ಬರುವ ವಿದೇಶಿಯರು ಮಿಷನರಿ ವೀಸಾವನ್ನೇ ಪಡೆಯಬೇಕು. ಪ್ರವಾಸಿ ವೀಸಾ ಮೇಲೆ ಬಂದು ಪ್ರಚಾರ ಮಾಡುವಂತಿಲ್ಲ. ವಯಸ್ಸಾದವರು ಎಂಬ ರಿಯಾಯಿತಿ ಇದಕ್ಕಿಲ್ಲ.

ಬಿಟ್ಟು ಹೋಗುವುದೇ ಕಷ್ಟ

ಹೋಗುವವರಿಗೆ ದೇಶ, ಭಾಷೆ, ಊಟಕ್ಕಿಂತ ಮನೆಯವರನ್ನು ಬಿಟ್ಟಿರುವುದೇ ದೊಡ್ಡ ಕಷ್ಟ. ಎರಡು ವರ್ಷದಲ್ಲಿ ಒಂದು ಮೊಮ್ಮಗು ಹುಟ್ಟುತ್ತದೆ, ಇನ್ನೊಂದು ನಡೆಯಲು ಕಲಿಯುತ್ತದೆ, ಹಿರಿಯರೊಬ್ಬರು ತೀರಿಹೋಗುತ್ತಾರೆ. ಹುಡುಗ ಮಿಷನರಿಗಳಿಗೆ 2019ರ ತನಕ ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡಲು ಅವಕಾಶವಿತ್ತು, ಆಮೇಲೆ ವಾರಕ್ಕೊಮ್ಮೆ ಆಯಿತು. ಹಿರಿಯರಿಗೆ ಅಷ್ಟು ಬಿಗಿ ಇಲ್ಲ, ಮಕ್ಕಳ ಜೊತೆ ಮಾತಾಡಬಹುದು. ಆದರೂ ಫೋನಿನಲ್ಲಿ ಕೂಸನ್ನು ಎತ್ತಿಕೊಳ್ಳಲಾಗದು.

ಇಷ್ಟೆಲ್ಲ ಲೆಕ್ಕ ಹಾಕಿಯೇ ಅವರು ಹೊರಡುತ್ತಾರೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಅರವತ್ತು, ಎಪ್ಪತ್ತರಲ್ಲೂ ಗಂಡ-ಹೆಂಡತಿ ಕೂಡಿ ಹೊಸ ಹೊಣೆ ಹೊರಬಹುದು, ಹೊತ್ತು ಬಂದಾಗ ಅದನ್ನು ಊರಿನವರ ಕೈಗೆ ಕೊಟ್ಟು ಮನೆಗೆ ತಿರುಗಬಹುದು ಎಂಬುದನ್ನು ಮಾತ್ರ ಯಾವ ಧರ್ಮದವರಾದರೂ ಇವರಿಂದ ನೋಡಿ ಕಲಿಯಬಹುದು.