ಹವಳ ಕಟ್ಟಿದ ನಡುಗಡ್ಡೆ

ಮಕ್ಕಳೇ, ಮಳೆಗಾಲದಲ್ಲಿ ಕೆಲಗೇರಿ ಕೆರೆಗೆ ರಾಡಿ ನೀರು ಹರಿದು ಬರುವುದನ್ನು ನೀವು ನೋಡಿರಬಹುದು. ಅಂಥ ನೀರು ಹವಳಕ್ಕೆ ಆಗದು. ಏಕೆ ಗೊತ್ತೇ?

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶ ಹೀರಿ ತನಗೊಂದು ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳಿವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ರಾಡಿ ನೀರಿನೊಳಗೆ ಬಿಸಿಲು ಇಳಿಯುವುದಿಲ್ಲವಲ್ಲ! ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಸುತ್ತ ನೀರು ತಿಳಿಯಾಗಿರುತ್ತದೆ, ಅಲ್ಲಿ ಹವಳಗಳಿವೆ. ಆದರೆ ನೇತ್ರಾಣಿ ಬಂಡೆಯ ದ್ವೀಪ, ಹವಳ ಕಟ್ಟಿದ್ದಲ್ಲ.

ಹವಳವೇ ಕಟ್ಟಿದ್ದು ಲಕ್ಷದ್ವೀಪ. ಕಡಲಿನಲ್ಲಿ ನಿಧಾನವಾಗಿ ಮುಳುಗುತ್ತಿದ್ದ ಬೆಟ್ಟಗಳ ಮೇಲೆ ಹವಳಗಳು ಗೂಡಿನ ಮೇಲೆ ಗೂಡು ಕಟ್ಟುತ್ತ ಬಂದವು. ಅಲೆಗಳು ಅವುಗಳ ಚೂರುಗಳನ್ನು ಮರಳಾಗಿ ಮೇಲೆ ಪೇರಿಸಿದವು. ಹವಳದ್ವೀಪಗಳು ಹೀಗೆ ಹುಟ್ಟುತ್ತವೆಂದು ಡಾರ್ವಿನ್ 1842ರಲ್ಲೇ ಬರೆದಿದ್ದರು.

ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಲವು ವಾರ ಹಾಗೇ ಉಳಿದರೆ ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಹವಳ ಸತ್ತರೆ ದಿಬ್ಬ ಸವೆಯುತ್ತದೆ, ಅಲೆ ನೇರವಾಗಿ ಮರಳಿಗೆ ಬಡಿಯುತ್ತದೆ. ಅಲ್ಲಿನ ಬಂಗಾರಂ ಬಳಿ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ನಡುಗಡ್ಡೆಯಿತ್ತು. ಅಲೆಗಳು ಅದನ್ನು ಪೂರ್ತಿ ಕೊರೆದುಹಾಕಿವೆಯೆಂದು 2017ರಲ್ಲಿ ವರದಿಯಾಯಿತು.